ಜೇಡ್ ಗಿಡಕ್ಕೆ ಹೊಸ ಕುಂಡ: ಮಣ್ಣಿನದೋ, ಪ್ಲಾಸ್ಟಿಕ್ಕಿನದೋ?

ತಳದ ತೂತಿನಿಂದ ಬೇರು ಇಣುಕುತ್ತಿದೆಯೇ? ಹಾಕಿದ ನೀರು ಇಂಗದೆ ಅಂಚಿನಲ್ಲೇ ಜಾರಿಹೋಗುತ್ತಿದೆಯೇ? ಹಾಗಾದರೆ ಕುಂಡ ಬದಲಿಸಿ. ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಮಳೆಗಾಲ ಬೇಡ, ಗಾಯವಾದ ಬೇರು ಬೇಗ ಒಣಗದೆ ಕೊಳೆಯುತ್ತದೆ.

ಮಣ್ಣಿನ ಕುಂಡದ ಗೋಡೆಯಿಂದಲೇ ತೇವ ಆರಿಹೋಗುತ್ತದೆ. ಮಂಗಳೂರಿನಂಥ ಊರಿಗೆ, ದಿನಾ ನೀರು ಹಾಕದೆ ಇರಲಾಗದವರಿಗೆ ಇದೇ ಸರಿ. ಬೆಳೆದ ಜೇಡ್‌ಗೆ ತಲೆಭಾರ ಹೆಚ್ಚು. ಹಗುರ ಪ್ಲಾಸ್ಟಿಕ್ ಕುಂಡ ಗಾಳಿಗೆ ಮಗುಚುತ್ತದೆ, ಮಣ್ಣಿನದು ಕದಲುವುದಿಲ್ಲ. ಒಂದೇ ಕಿರಿಕಿರಿ: ಬೇರು ಒಳಗೋಡೆಗೆ ಕಚ್ಚಿಕೊಳ್ಳುತ್ತದೆ, ಬಿಡಿಸಲು ಸುತ್ತಲೂ ಚಾಕು ಆಡಿಸಬೇಕು.

ಪ್ಲಾಸ್ಟಿಕ್ಕಿನದಾದರೆ ಬದಿ ಒತ್ತಿದರೆ ಸಾಕು, ಗಿಡ ಇಡಿಯಾಗಿ ಹೊರಬರುತ್ತದೆ. ತೇವ ಹೆಚ್ಚು ದಿನ ನಿಲ್ಲುವುದರಿಂದ ಕಲಬುರಗಿಯ ಒಣ ಬೇಸಿಗೆಗೆ, ನೀರು ಮರೆಯುವವರಿಗೆ ಅನುಕೂಲ. ಆದರೆ ಮಿಶ್ರಣದಲ್ಲಿ ಜಿಪುಣತನ ಬೇಡ: 1 ಪಾಲು ಕಾಂಪೋಸ್ಟ್‌ಗೆ 2 ಪಾಲು ಪರ್ಲೈಟ್ (ನೀರು ಬೇಗ ಬಸಿಯಲೆಂದು ಬೆರೆಸುವ ಹಗುರ ಬಿಳಿ ಹರಳು) ಅಥವಾ ದಪ್ಪ ಮರಳು. ಮಣ್ಣಿನ ಕುಂಡಕ್ಕೆ ಸಮಪಾಲು ನಡೆಯುತ್ತದೆ.

ಯಾವುದಾದರೂ ಹಳೆಯದಕ್ಕಿಂತ 1 ಇಂಚು ಅಗಲವಿದ್ದರೆ ಸಾಕು. ದೊಡ್ಡ ಕುಂಡದಲ್ಲಿ ಬೇರು ತಲುಪದ ಮಣ್ಣು ಒದ್ದೆಯಾಗಿಯೇ ಉಳಿದು ಕೊಳೆ ಶುರುವಾಗುತ್ತದೆ. ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ, 2–3 ದಿನ ನೆರಳಲ್ಲಿ ಆರಿಸಿ, ಒಣ ಮಿಶ್ರಣದಲ್ಲೇ ನೆಡಿ. ಮೊದಲ ನೀರು ಒಂದು ವಾರದ ನಂತರ. ತೂತಿಲ್ಲದ ಪಿಂಗಾಣಿ ಕುಂಡ ಎಷ್ಟೇ ಚೆಂದವಿದ್ದರೂ ಪೆನ್ನು ಇಡಲು ಬಳಸಿ.