ಇಕ್ಕಟ್ಟಿನ ಮರೀನಾದಲ್ಲಿ ಎರಡು ಎಂಜಿನ್ ದೋಣಿ: ಗೇರ್, ಥ್ರಸ್ಟರ್, ಜಾಯ್‌ಸ್ಟಿಕ್

ಮರೀನಾದಲ್ಲಿ, ಅಂದ್ರೆ ದೋಣಿಗಳನ್ನು ಕಟ್ಟಿ ನಿಲ್ಲಿಸುವ ಜಾಗದಲ್ಲಿ, ಎರಡು ಎಂಜಿನ್ ದೋಣಿಯನ್ನು ಹಿಡಿತದಲ್ಲಿಡೋಕೆ ಮೂರು ದಾರಿ ಇವೆ. ಖರ್ಚು ಕಡಿಮೆ ಇರಬೇಕು ಅಂದ್ರೆ ಮೊದಲು ಗೇರ್‌ಗಳಲ್ಲೇ ತಿರುಗಿಸೋದು ಕಲಿಯಿರಿ, ಹೊಸದೇನೂ ಕೊಳ್ಳಬೇಕಿಲ್ಲ. ಸ್ಟೀರಿಂಗ್ ನೇರವಾಗಿಟ್ಟು ಎಡ ಎಂಜಿನ್ ಮುಂದಕ್ಕೆ, ಬಲದ್ದು ಹಿಂದಕ್ಕೆ ಹಾಕಿದರೆ ದೋಣಿಯ ಮೂತಿ ಹೆಚ್ಚೂಕಡಿಮೆ ನಿಂತಲ್ಲೇ ಬಲಕ್ಕೆ ತಿರುಗುತ್ತದೆ. ಗಾಳಿ ಇಲ್ಲದಾಗ ಥ್ರಾಟಲ್ (ಎಂಜಿನ್ ವೇಗ ಹೆಚ್ಚಿಸುವ ಹಿಡಿ) ಮುಟ್ಟೋದೇ ಬೇಡ. ಆದರೆ ಇದು ಪ್ರೊಪೆಲ್ಲರ್‌ಗಳು ದೂರ ದೂರ ಇರುವ ಶಾಫ್ಟ್ ದೋಣಿಗೆ (ಒಳಗಿನ ಎಂಜಿನ್ ಉದ್ದ ದಂಡದ ಮೂಲಕ ಪ್ರೊಪೆಲ್ಲರ್ ತಿರುಗಿಸುವ ದೋಣಿ) ಚೆನ್ನ. ಔಟ್‌ಬೋರ್ಡ್‌ಗಳು (ದೋಣಿಯ ಹಿಂಬದಿಗೆ ಹೊರಗೆ ಕಟ್ಟುವ ಎಂಜಿನ್‌ಗಳು) ಅಕ್ಕಪಕ್ಕದಲ್ಲೇ ಇರುವುದರಿಂದ ಅಷ್ಟು ಹಿಡಿತ ಸಿಗುವುದಿಲ್ಲ.

ಅಡ್ಡಗಾಳಿಗೆ ಮೂತಿ ಪಕ್ಕಕ್ಕೆ ಜಾರುತ್ತಿದೆಯಾ? ಆಗ ಮೂತಿಯನ್ನು ಪಕ್ಕಕ್ಕೆ ತಳ್ಳುವ ಪುಟ್ಟ ಪ್ರೊಪೆಲ್ಲರ್, ಅಂದ್ರೆ ಬೋ ಥ್ರಸ್ಟರ್ ಹಾಕಿಸಿ. ಬ್ಯಾಟರಿಯದ್ದಾದರೆ ಸುಮ್ನೆ ಒತ್ತಿಹಿಡಿಯಬೇಡಿ, ಬಿಸಿಯಾಗಿ ನಿಂತುಬಿಡುತ್ತದೆ.

ಒಂದೇ ಹಿಡಿಯಿಂದ ಎರಡೂ ಎಂಜಿನ್ ನಿಯಂತ್ರಿಸುವ ಜಾಯ್‌ಸ್ಟಿಕ್ ಎಲ್ಲಕ್ಕಿಂತ ಸುಲಭ, ದುಬಾರಿಯೂ ಹೌದು. ಅಪರೂಪಕ್ಕೆ ನೀರಿಗಿಳಿಯುವವರು, ಹೊಸ ದೋಣಿ ಕೊಳ್ಳುವವರು ಇದನ್ನೇ ನೋಡಬಹುದು. ಹಳೇ ಶಾಫ್ಟ್ ದೋಣಿಗೆ ಅಷ್ಟು ದುಡ್ಡು ಸುರಿಯೋದು ನನಗೆ ಸರಿ ಕಾಣುವುದಿಲ್ಲ.