ಅಡುಗೆ ಸೋಡಾ ಪೊಟ್ಟಣ: ಪಾತ್ರೆಗೆ ಸೈ, ಮುಖಕ್ಕೆ ಬೇಡ

ಮನೆಯಲ್ಲೇ ಮಾಡಿಕೊಳ್ಳುವ ಸುಲಭ ಉಪಾಯಗಳ ಯಾವ ಪಟ್ಟಿ ತೆಗೆದರೂ ಅಡುಗೆ ಸೋಡಾ ಇದ್ದೇ ಇರುತ್ತದೆ. ಕಾಳು ಬೇಯಬೇಕೇ, ಹಲ್ಲು ಹೊಳೆಯಬೇಕೇ, ತಲೆ ತೊಳೆಯಬೇಕೇ, ಎಲ್ಲಕ್ಕೂ ಅದೇ ಬಿಳಿ ಪುಡಿ. ಅರ್ಧದಷ್ಟು ಕೆಲಸಗಳನ್ನು ಅದು ನಿಜವಾಗಿಯೂ ಚೆನ್ನಾಗಿ ಮಾಡುತ್ತದೆ, ಇನ್ನರ್ಧಕ್ಕೆ ಅದನ್ನು ಕರೆಯಲೇಬಾರದು. ಎರಡಕ್ಕೂ ಕಾರಣ ಒಂದೇ: ಸೋಡಾ ಕ್ಷಾರ, ನೀರಲ್ಲಿ ಕರಗಿದರೆ ಪಿಎಚ್ ಸುಮಾರು 8.3. (ಪಿಎಚ್ ಹುಳಿ-ಕ್ಷಾರದ ಅಳತೆ: 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ.)

ಕೊಳ್ಳುವಾಗ ಪೊಟ್ಟಣದ ಹಿಂದೆ ಸೋಡಿಯಂ ಬೈಕಾರ್ಬೊನೇಟ್ ಎಂಬ ಒಂದೇ ಹೆಸರು ಇದೆಯೇ ನೋಡಿ. ಜೊತೆಗೆ ಪಿಷ್ಟ, ಹುಳಿ ಲವಣಗಳ ಹೆಸರಿದ್ದರೆ ಅದು ಬೇಕಿಂಗ್ ಪೌಡರ್. ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ ಇನ್ನೂ ಬೇರೆ, ಅದು ಸೋಡಿಯಂ ಕಾರ್ಬೊನೇಟ್. ಅದರ ದ್ರಾವಣದ ಪಿಎಚ್ 11ರ ಆಸುಪಾಸು, ಬಾಯಿಗಾಗಲಿ ಮೈಗಾಗಲಿ ತಾಗಿಸಬಾರದು. ಮೂರೂ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಆದ್ದರಿಂದ ಡಬ್ಬಿಗೆ ಸುರಿದ ಕೂಡಲೇ ಹೆಸರು ಬರೆದು ಅಂಟಿಸಿ. ಹಳೆಯ ಸೋಡಾಕ್ಕೆ ಶಕ್ತಿ ಉಳಿದಿದೆಯೇ ಎಂದು ತಿಳಿಯಲು ಕಾಲು ಚಮಚದ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಭುಸ್ಸೆಂದು ಉಕ್ಕಿದರೆ ಸರಿ. (ಇಲ್ಲಿ ಚಮಚ ಎಂದರೆ 5 ಮಿ.ಲೀ. ಚಮಚ, ಮಟ್ಟಸವಾಗಿ ತುಂಬಿದ್ದು. ದೊಡ್ಡ ಚಮಚ 15 ಮಿ.ಲೀ.)

ಪೂರ್ತಿ ಅಂಕ ಗಿಟ್ಟಿಸುವುದು ಒಣಕಾಳಿನ ವಿಷಯದಲ್ಲಿ. ಕಾಳನ್ನು ಗಟ್ಟಿಯಾಗಿ ಹಿಡಿದಿರುವುದು ಪೆಕ್ಟಿನ್. ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ, ಕ್ಷಾರ ಸಡಿಲಿಸುತ್ತದೆ. 1 ಲೀಟರ್ ನೀರಿಗೆ 1 ಚಮಚ ಸೋಡಾ ಕರಗಿಸಿ, ಕಾಳನ್ನು 8 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಎರಡು ಸಲ ತೊಳೆದು ಹೊಸ ನೀರಲ್ಲಿ ಬೇಯಿಸಿ. ನೆನೆಸಲು ಪುರುಸೊತ್ತಿಲ್ಲದಿದ್ದರೆ ಬೇಯುವ ನೀರಿಗೇ ಲೀಟರಿಗೆ ಕಾಲು ಚಮಚ ಸಾಕು. ಎಡವಟ್ಟಾಗುವುದು ‘ಇನ್ನೊಂದು ಚಿಟಿಕೆ ಇರಲಿ’ ಎನ್ನುವಲ್ಲಿ: ಸಿಪ್ಪೆ ಕಳಚಿ ಕಾಳು ಗಂಜಿಯಾಗುತ್ತದೆ, ಬಾಯಿಗೆ ಸಾಬೂನಿನ ರುಚಿ ಬರುತ್ತದೆ. ಬಿ1 ಜೀವಸತ್ವವೂ ಕ್ಷಾರದಲ್ಲಿ ನಾಶವಾಗುತ್ತದೆ, ಎಳಸು ಕಾಳಿಗೆ ಸೋಡಾ ಹಾಕುವುದು ನಷ್ಟದ ಬಾಬತ್ತು. ಟೊಮೆಟೊದಂಥ ಹುಳಿಯನ್ನು ಕಾಳು ಬೆಂದ ಮೇಲೆಯೇ ಸೇರಿಸಿ, ಮೊದಲೇ ಹಾಕಿದರೆ ಸೋಡಾ ಮಾಡಿದ್ದೆಲ್ಲ ಹುಳಿಗೆ ಸರಿಹೋಗುತ್ತದೆ.

ಈರುಳ್ಳಿ ಕೆಂಪಗೆ ಹುರಿಯುವ ಕೆಲಸಕ್ಕೂ ಇದು ಒದಗುತ್ತದೆ. ಅರ್ಧ ಕಿಲೋ ಈರುಳ್ಳಿಗೆ ಕಾಲು ಚಮಚ, ಅದಕ್ಕಿಂತ ಹೆಚ್ಚು ಬೇಡ. ಬಣ್ಣ ಬೇಗ ಬರುತ್ತದೆ, ಆದರೆ ಎಸಳು ಉಳಿಯುವುದಿಲ್ಲ, ಮುದ್ದೆಯಾಗುತ್ತದೆ. ಗೊಜ್ಜು, ಸೂಪಿಗೆ ಅಡ್ಡಿಯಿಲ್ಲ. ಗರಿಗರಿ ಬೇಕಿದ್ದವರು ಇದರ ತಂಟೆಗೆ ಹೋಗಬಾರದು. ಕೆಂಪು ಈರುಳ್ಳಿಯಾದರೆ ಮೊದಲ ಕೆಲವು ನಿಮಿಷ ನೀಲಿ-ಹಸಿರಿಗೆ ತಿರುಗೀತು. ಕೆಟ್ಟಿದೆ ಎಂದು ಎಸೆಯಬೇಡಿ, ಅದರ ಕೆಂಪು ವರ್ಣಕ ಕ್ಷಾರದಲ್ಲಿ ಹಾಗೆಯೇ ಬಣ್ಣ ಬದಲಿಸುತ್ತದೆ. ಸೊಪ್ಪು, ಬೀನ್ಸ್ ಹಚ್ಚಗೆ ಉಳಿಯಲಿ ಎಂದು ಸೋಡಾ ಹಾಕುವುದು ಮಾತ್ರ ಸೋತ ಉಪಾಯ: ಬಣ್ಣ ಉಳಿದು ತರಕಾರಿ ಲೋಳೆಯಾಗುತ್ತದೆ.

ಬೇಕಿಂಗ್ ಪೌಡರ್ ಮುಗಿದುಹೋದಾಗ 1 ಚಮಚ ಪೌಡರ್ ಬದಲಿಗೆ ಕಾಲು ಚಮಚ ಸೋಡಾ ಹಿಡಿಯಿರಿ. ಜೊತೆಗೆ ಹುಳಿ ಇರಲೇಬೇಕು. ಇಲ್ಲವಾದರೆ ಬಿಸಿಗೆ ಸೋಡಾ ಒಡೆದು ಸೋಡಿಯಂ ಕಾರ್ಬೊನೇಟ್ ಉಳಿಯುತ್ತದೆ, ಕೇಕಿನಲ್ಲಿ ಕಹಿ ಬರುವುದು ಅದರಿಂದಲೇ. ಅರ್ಧ ಚಮಚ ನಿಂಬೆರಸ ಸಾಕು ಎಂದು ಬಹಳ ಕಡೆ ಬರೆದಿರುತ್ತಾರೆ, ಲೆಕ್ಕ ಕೂಡುವುದಿಲ್ಲ. ಕಾಲು ಚಮಚ ಎಂದರೆ ಸುಮಾರು 1.2 ಗ್ರಾಂ ಸೋಡಾ, ಅದನ್ನು ತಣಿಸಲು ನಿಂಬೆರಸವಾಗಲಿ 5% ವಿನೆಗರ್ ಆಗಲಿ ಹತ್ತಿರ ಹತ್ತಿರ 1 ದೊಡ್ಡ ಚಮಚ ಬೇಕು. ಅರ್ಧ ಕಪ್ (120 ಮಿ.ಲೀ.) ಹುಳಿ ಮಜ್ಜಿಗೆ ಇನ್ನೂ ಒಳ್ಳೆಯದು, ಹಾಕಿದಷ್ಟೇ ಬೇರೆ ದ್ರವ ಕಡಿಮೆ ಮಾಡಿ. ಕಲಸಿದ ಹಿಟ್ಟನ್ನು ಕಾಯಿಸಿಟ್ಟ ಓವನ್ನಿಗೆ ತಕ್ಷಣ ಸೇರಿಸಬೇಕು. ಹತ್ತು ನಿಮಿಷ ಕಾದರೆ ಗಾಳಿಯೆಲ್ಲ ಹೊರಟುಹೋಗಿರುತ್ತದೆ.

ಹಣ್ಣು ತೊಳೆಯುವ ಉಪಾಯಕ್ಕೆ ಪುರಾವೆ ಇದೆ. 2017ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ನಡೆಸಿದ ಪರೀಕ್ಷೆಯಲ್ಲಿ 1% ಸೋಡಾ ನೀರು 12ರಿಂದ 15 ನಿಮಿಷದಲ್ಲಿ ಎರಡು ಕೀಟ-ಶಿಲೀಂಧ್ರನಾಶಕಗಳನ್ನು ಮೇಲ್ಮೈಯಿಂದ ತೆಗೆಯಿತು, ಸಿಪ್ಪೆಯೊಳಗೆ ಇಳಿದದ್ದನ್ನು ತೆಗೆಯಲಿಲ್ಲ. 1% ಎಂದರೆ ಲೀಟರಿಗೆ 2 ಚಮಚ. ಅದ್ದಿ ತೆಗೆದರೆ ಆಗದು, ಅಷ್ಟು ಹೊತ್ತು ಮುಳುಗಿರಬೇಕು, ಆಮೇಲೆ ಬರೀ ನೀರಲ್ಲಿ ತೊಳೆಯಬೇಕು.

ತಳ ಹತ್ತಿದ ಸ್ಟೀಲ್ ಪಾತ್ರೆಗೆ ಕರಕು ಮುಳುಗುವಷ್ಟು ನೀರು, 2 ದೊಡ್ಡ ಚಮಚ ಸೋಡಾ, 10 ನಿಮಿಷ ಕುದಿ. ತಣಿದ ಮೇಲೆ ಮರದ ಸೌಟಿನಿಂದ ಎಬ್ಬಿಸಿದರೆ ಏಳುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಬೇಡ, ಕಪ್ಪಾಗುತ್ತದೆ. ಸೋಡಾಕ್ಕೆ ವಿನೆಗರ್ ಬೆರೆಸಿ ‘ಡಬಲ್ ಕ್ಲೀನರ್’ ಮಾಡುವುದು ಕಣ್ಣಿಗೆ ಹಬ್ಬ, ಅಷ್ಟೇ. ನೊರೆ ಇಳಿದ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಬೆರೆತ ನೀರು, ಅದರಲ್ಲಿ ಕ್ಷಾರವೂ ಇಲ್ಲ, ಹುಳಿಯೂ ಇಲ್ಲ. ಬಾಟಲಿಯಲ್ಲಿ ಮುಚ್ಚಿಟ್ಟರಂತೂ ಸಿಡಿಯುತ್ತದೆ.

ಈಗ ಮೈಯ ವಿಷಯ. ಚರ್ಮದ ಮೇಲ್ಪದರ ತುಸು ಹುಳಿ, ಪಿಎಚ್ 5ರ ಆಸುಪಾಸು. ಮುಖಕ್ಕೆ ಸೋಡಾ ಉಜ್ಜಿದರೆ ಆ ಕಾಪು ಕೆಡುತ್ತದೆ, ಮೊದಲ ದಿನ ನುಣುಪು, ವಾರದಲ್ಲಿ ಉರಿ, ಸಿಪ್ಪೆ. ಅದಕ್ಕೆ ನಿಂಬೆರಸ ಸೇರಿಸುವ ಸಲಹೆ ಇನ್ನೂ ಕೆಟ್ಟದ್ದು, ನಿಂಬೆ ತಾಗಿದ ಚರ್ಮ ಬಿಸಿಲಿಗೆ ಹೋದರೆ ಕಲೆ ಬೀಳುತ್ತದೆ. ಕೂದಲಿಗೂ ಇದು ಆಗಿಬರುವುದಿಲ್ಲ: ಕ್ಷಾರಕ್ಕೆ ಕೂದಲಿನ ಮೇಲಿನ ಪೊರೆಗಳು ಎದ್ದು ಎಳೆ ಒರಟಾಗುತ್ತದೆ, ಸಿಕ್ಕಾಗುತ್ತದೆ. ಎಣ್ಣೆಜಿಡ್ಡು ಹೀರಲು ಪುಡಿಯೇ ಬೇಕಿದ್ದರೆ ಕಾರ್ನ್‌ಫ್ಲೋರ್ ಬುಡಕ್ಕೆ ಉದುರಿಸಿ, 10 ನಿಮಿಷ ಬಿಟ್ಟು ಬಾಚಿ.

ಕಂಕುಳ ವಾಸನೆಗೆ ಕೆಲಸ ಮಾಡುತ್ತದೆ, ಯಾಕೆಂದರೆ ಆ ವಾಸನೆಯ ಬಹುಪಾಲು ಆಮ್ಲಗಳದ್ದೇ. ಆದರೆ ಬರೀ ಸೋಡಾ ಹಚ್ಚಿದರೆ ಹಲವರಿಗೆ ದದ್ದು ಏಳುತ್ತದೆ. 6 ಪಾಲು ಕಾರ್ನ್‌ಫ್ಲೋರಿಗೆ 1 ಪಾಲು ಸೋಡಾ ಜರಡಿ ಹಿಡಿದು, ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ. ಶೇವ್ ಮಾಡಿದ ದಿನ ಹಚ್ಚಬೇಡಿ.

ಹಲ್ಲಿಗೆ ಬಂದರೆ, ಸೋಡಾದ ಕಣ ಎನಾಮಲ್‌ಗಿಂತ ಮೆದು, ಮೇಲಿನ ಕಲೆ ತೆಗೆಯುತ್ತದೆ. ಫ್ಲೋರೈಡ್ ಇಲ್ಲವಾದ್ದರಿಂದ ಪೇಸ್ಟಿನ ಜಾಗಕ್ಕೆ ಬರಲಾರದು. ವಾಂತಿಯಾದ ಮೇಲೆ ಮಾತ್ರ ಇದಕ್ಕೆ ಸಾಟಿಯಿಲ್ಲ: ಒಂದು ಕಪ್ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಹಾಕಿ ಮುಕ್ಕಳಿಸಿ ಉಗಿಯಿರಿ, ಬ್ರಷ್ ಮಾಡಲು ಅರ್ಧ ಗಂಟೆ ಕಾಯಿರಿ.

ಎದೆಯುರಿಗೆ ನೀರಲ್ಲಿ ಕದಡಿ ಕುಡಿಯುವವರು ಒಂದು ಚಮಚದಲ್ಲಿ ಸುಮಾರು 1,250 ಮಿ.ಗ್ರಾಂ ಸೋಡಿಯಂ ಇರುವುದನ್ನು ಲೆಕ್ಕಕ್ಕೆ ಹಿಡಿಯಬೇಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ಇಡೀ ದಿನಕ್ಕೆ 2,000. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಹೊಟ್ಟೆ ಬಿರಿಯ ಉಂಡ ಮೇಲಂತೂ ಯಾರೂ ಕುಡಿಯಬಾರದು, ಒಳಗೆ ಗಾಳಿ ತುಂಬಿ ಜಠರಕ್ಕೆ ಅಪಾಯ.

ಫ್ರಿಜ್ ವಾಸನೆಗೆಂದು ಬಾಯಿ ತೆರೆದು ಇಟ್ಟ ಪೊಟ್ಟಣ ಮತ್ತೆ ಅಡುಗೆಗೆ ಬರಬಾರದು, ಸಿಂಕ್ ತಿಕ್ಕಲು ಇಟ್ಟುಕೊಳ್ಳಿ.