ಮನೆ ಸರ್ವರ್‌ನಿಂದ ಮೇಲ್ ಹೋಗ್ತಿಲ್ವಾ? ಮೂರು ದಾರಿಗಳ ಹೋಲಿಕೆ

ಮನೆಯ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಸರ್ವರ್‌ನಲ್ಲಿ ಬ್ಯಾಕಪ್ ಕೈಕೊಟ್ಟರೆ, ಡಿಸ್ಕ್ ಹಾಳಾಗುವ ಲಕ್ಷಣ ಕಂಡರೆ ನನಗೊಂದು ಮೇಲ್ ಬರಬೇಕು. ಬೇಕಿರೋದು ಇಷ್ಟೇ. ಅದಕ್ಕೆ ಮೂರು ದಾರಿ ಹಿಡಿದು ನೋಡಿದೆ.

ಮೊದಲನೆಯದು, ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಪ್ರೋಗ್ರಾಂನಿಂದ ನೇರವಾಗಿ ಕಳಿಸುವುದು. ಹೋಗದೆ ಕಾಯುತ್ತಿರುವ ಮೇಲ್‌ಗಳನ್ನು ತೋರಿಸುವ ‘ಮೇಲ್‌ಕ್ಯೂ’ ಕಮಾಂಡ್ ಕೊಟ್ಟರೆ ಪ್ರತಿ ಮೇಲ್‌ನ ಕೆಳಗೂ ‘ಕನೆಕ್ಷನ್ ಟೈಮ್ಡ್ ಔಟ್’. ಇದನ್ನು ನೋಡಿ ಕಾನ್ಫಿಗ್ ಫೈಲ್ ಕೆದಕುತ್ತಾ ಕೂರಬೇಡಿ. ಸ್ಪ್ಯಾಮ್ ತಡೆಯಲು ಎಷ್ಟೋ ಬ್ರಾಡ್‌ಬ್ಯಾಂಡ್ ಕಂಪನಿಗಳು ಮನೆ ಕನೆಕ್ಷನ್‌ನಿಂದ ಹೊರಹೋಗುವ 25ನೇ ಪೋರ್ಟನ್ನು (ಮೇಲ್ ಸರ್ವರ್‌ಗಳು ಪರಸ್ಪರ ಮೇಲ್ ಕಳಿಸುವ ದಾರಿ) ಮುಚ್ಚಿರುತ್ತವೆ. ತೆರೆದಿದ್ದರೂ ಸುಖವಿಲ್ಲ. ಮನೆ ಐಪಿಗಳು ಸಾಮಾನ್ಯವಾಗಿ ಸ್ಪ್ಯಾಮ್‌ಹೌಸ್ ಎಂಬ ಸ್ಪ್ಯಾಮ್ ತಡೆ ಸಂಸ್ಥೆಯ ಪಿಬಿಎಲ್ ಪಟ್ಟಿಯಲ್ಲಿರುತ್ತವೆ (ನೇರವಾಗಿ ಮೇಲ್ ಕಳಿಸಬಾರದ ಐಪಿಗಳ ಪಟ್ಟಿ), ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ತಿಳಿಸುವ ದಾಖಲೆ) ಕೂಡ ನಮ್ಮ ಕೈಯಲ್ಲಿರುವುದಿಲ್ಲ. ಈ ದಾರಿ ಮನೆಗೆ ಆಗಿಬರಲ್ಲ.

ಎರಡನೆಯದು ಎಂಎಸ್‌ಎಂಟಿಪಿ. ಪುಟ್ಟ ಪ್ರೋಗ್ರಾಂ, ಹತ್ತು ಸಾಲಿನ ಕಾನ್ಫಿಗ್. ಜಿಮೇಲ್‌ನ 587ನೇ ಪೋರ್ಟಿಗೆ ಲಾಗಿನ್ ಆಗಿ ಮೇಲ್ ದಾಟಿಸುತ್ತದೆ. ಆದರೆ ಇದಕ್ಕೆ ತನ್ನದೇ ಕ್ಯೂ ಇಲ್ಲ. ಆ ಹೊತ್ತಿಗೆ ನೆಟ್ ಇಲ್ಲದಿದ್ದರೆ ಎರರ್ ಕೊಟ್ಟು ಸುಮ್ಮನಾಗುತ್ತದೆ, ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಪ್ರೋಗ್ರಾಂ) ಕಳಿಸಿದ ಮೇಲ್ ಕಳೆದುಹೋದಂತೆಯೇ. ಕರೆಂಟ್ ಹೋದಾಗ ಸರ್ವರ್ ಯುಪಿಎಸ್‌ ಮೇಲೆ ಓಡುತ್ತಿರುತ್ತದೆ, ರೂಟರ್ ಆಫ್ ಆಗಿರುತ್ತದೆ. ಎಚ್ಚರಿಕೆಯ ಮೇಲ್ ಹುಟ್ಟುವುದೇ ಇಂಥ ಹೊತ್ತಲ್ಲಿ, ಅಲ್ವಾ?

ಹಾಗಾಗಿ ನನ್ನ ಆಯ್ಕೆ ಮೂರನೆಯದು: ಪೋಸ್ಟ್‌ಫಿಕ್ಸ್ ಇರಲಿ, ಆದರೆ ಜಿಮೇಲ್ ಮೂಲಕ ರಿಲೇ ಮಾಡಲಿ, ಅಂದರೆ ಮೇಲನ್ನು ಜಿಮೇಲ್ ಸರ್ವರ್‌ಗೆ ಒಪ್ಪಿಸಲಿ. ನೆಟ್ ಇಲ್ಲದಿದ್ದರೆ ಮೇಲ್ ಕ್ಯೂನಲ್ಲಿ ಕಾಯುತ್ತದೆ. ಡೀಫಾಲ್ಟ್ ಆಗಿ 5 ದಿನ ಬಿಟ್ಟೂ ಬಿಟ್ಟೂ ಪ್ರಯತ್ನಿಸುತ್ತದೆ. ಹೊಂದಿಸುವ ಕೆಲಸ ಮಾತ್ರ ಸ್ವಲ್ಪ ಜಾಸ್ತಿ. ‘ರಿಲೇಹೋಸ್ಟ್’ ಸಾಲಿನಲ್ಲಿ ಜಿಮೇಲ್ ಸರ್ವರ್ ಹೆಸರನ್ನು ಚೌಕ ಬ್ರಾಕೆಟ್‌ನಲ್ಲಿ ಬರೆಯಿರಿ, ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್ ಎಂಎಕ್ಸ್ ರೆಕಾರ್ಡ್ (ಒಂದು ಡೊಮೇನ್‌ನ ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂಬ ದಾಖಲೆ) ಹುಡುಕಲು ಹೊರಡುತ್ತದೆ. ಜಿಮೇಲ್ ಲಾಗಿನ್ ಬರೆದಿಟ್ಟ ಪಾಸ್‌ವರ್ಡ್ ಫೈಲ್ ಬದಲಿಸಿದಾಗಲೆಲ್ಲ, ಅದನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ ‘ಪೋಸ್ಟ್‌ಮ್ಯಾಪ್’ ಓಡಿಸಿ. ಜಿಮೇಲ್‌ನ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಟು-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತೆಗೆದುಕೊಳ್ಳಿ. ಲಾಗ್‌ನಲ್ಲಿ ‘ನೋ ಮೆಕ್ಯಾನಿಸಂ ಅವೈಲಬಲ್’ ಅಂತ ಬಂದರೆ ಪಾಸ್‌ವರ್ಡ್ ಮೇಲೆ ಅನುಮಾನ ಪಡಬೇಡಿ. ಡೆಬಿಯನ್‌ನಲ್ಲಿ ‘ಲಿಬ್‌ಸ್ಯಾಸಲ್2-ಮಾಡ್ಯೂಲ್ಸ್’ ಪ್ಯಾಕೇಜ್ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಒಂದು ಮಿತಿಯಿದೆ. ‘ಫ್ರಮ್’ ವಿಳಾಸವನ್ನು ಜಿಮೇಲ್ ತನ್ನ ಖಾತೆಯದ್ದಕ್ಕೆ ಬದಲಿಸಿಬಿಡುತ್ತದೆ. ಎರಡು ಮೂರು ಸರ್ವರ್ ಇದ್ದರೆ ಸಬ್ಜೆಕ್ಟ್‌ನಲ್ಲೇ ಸರ್ವರ್ ಹೆಸರು ಸೇರಿಸಿ.

ಎಲ್ಲ ಆದಮೇಲೆ ರೂಟರ್ ಕೇಬಲ್ ಕಿತ್ತು ಒಂದು ಮೇಲ್ ಕಳಿಸಿ. ‘ಮೇಲ್‌ಕ್ಯೂ’ನಲ್ಲಿ ಅದು ಕಾಣಬೇಕು. ಕೇಬಲ್ ಹಾಕಿ ‘ಪೋಸ್ಟ್‌ಕ್ಯೂ -ಎಫ್’ ಅಂದರೆ ಹೊರಟುಹೋಗಬೇಕು.